ಒಂದೇ ಡಬ್ಬಿ

ಅತ್ತಾವರದ ಆ ಲ್ಯಾಬಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವ ರೂಪೇಶ್ ತನ್ನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಾಗಲೆಲ್ಲ ಅಕ್ಷಿತಾ ಬರೆದ, ರಕ್ತಪರೀಕ್ಷೆಯ ರಿಪೋರ್ಟ್ ಕೊಡುವ ಸರ್ವಿಸ್ ನಿಂತುಹೋಗುತ್ತಿತ್ತು. ಎರಡೂ ಓಡುತ್ತಿದ್ದದ್ದು ಒಂದೇ ಸರ್ವರಿನಲ್ಲಿ. ಅವನದಕ್ಕೆ ಬೇಕಾದ ಪೋಷಕ ಸಾಫ್ಟ್‌ವೇರಿನ ಹೊಸ ಆವೃತ್ತಿ ಇವಳದಕ್ಕೆ ಆಗುತ್ತಿರಲಿಲ್ಲ. ರಕ್ತ ಕೊಟ್ಟವರು ಬೆಂಚಿನಲ್ಲಿ ಕಾಯುತ್ತಿದ್ದರು. ಇನ್ನೊಮ್ಮೆ ನಿಂತರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದು ಲ್ಯಾಬಿನ ಯಜಮಾನಿ ಡಾ. ತೆರೆಸಾ ಹೇಳಿಯಾಗಿತ್ತು. ಕದ್ರಿಯಲ್ಲಿದ್ದ ಅಕ್ಷಿತಾಳ ಪುಟ್ಟ ಆಫೀಸಿಗೆ ಇದ್ದ ದೊಡ್ಡ ಗಿರಾಕಿ ಅದೊಂದೇ. ಅದು ಹೋದರೆ ಬಾಗಿಲು ಹಾಕುವುದೇ.

ಕಂಟೇನರ್ ಹಾಕುವ ಎಂದದ್ದು ಅಕ್ಷಿತಾ. ಸರ್ವಿಸನ್ನೂ ಅದಕ್ಕೆ ಬೇಕಾದ್ದನ್ನೂ ಒಟ್ಟಿಗೆ ಡಬ್ಬಿಗೆ ತುಂಬಿದರೆ ಪಕ್ಕದವನು ಏನು ಬದಲಿಸಿದರೂ ತಾಗುವುದಿಲ್ಲ. ಬುತ್ತಿ ತಂದವನಿಗೆ ಕ್ಯಾಂಟೀನ್ ಮುಚ್ಚಿದರೆ ಎಂತ?

ಅವಳ ಪಾಲುದಾರ ಲೆಸ್ಟರ್ ಯಾವುದೋ ಸಮಾವೇಶದಿಂದ ಟೀ ಶರ್ಟಿನ ಜೊತೆ ಹುಚ್ಚನ್ನೂ ತಂದಿದ್ದ.

"ಸರ್ವಿಸನ್ನು ಒಡೆದು ಹನ್ನೆರಡು ಕಂಟೇನರ್ ಮಾಡುವ. ಡೇಟಾ ಕೂಡ ಒಳಗೇ. ಈಗ ಎಲ್ಲರೂ ಹಾಗೆಯೇ ಮಾಡುವುದು."

"ಒಂದು ಗೋಣಿ ಕುಚ್ಚಲಕ್ಕಿ ತರಲಿಕ್ಕೆ ಕೂಳೂರು ಹೊಳೆಯ ಸಂಕದಲ್ಲಿ ಹನ್ನೆರಡು ಲಾರಿ ಬಿಡ್ತೀಯಾ ಮಾರಾಯ?"

"ನಿನ್ನದು ಅಜ್ಜಿ ಬುದ್ಧಿ."

"ಇರಲಿ. ಒಂದೇ ಡಬ್ಬಿ. ರೋಗಿಗಳ ಡೇಟಾ ಹೊರಗೆ, ಡಿಸ್ಕಿನಲ್ಲಿ. ಡಬ್ಬಿ ಅಳಿಸಿದರೆ ಒಳಗಿದ್ದದ್ದೂ ಹೋಗ್ತದೆ."

ಲೆಸ್ಟರ್ ಒಪ್ಪಲಿಲ್ಲ. ಆದರೆ ಅವನ ಹನ್ನೆರಡು ಡಬ್ಬಿಗಳು ಆಫೀಸಿನಲ್ಲೇ ಒಂದಕ್ಕೊಂದು ಸಂಪರ್ಕ ಸಿಗದೆ ಕೂತಿದ್ದವು. ಶನಿವಾರ ಲ್ಯಾಬಿಗೆ ಹೋದದ್ದು ಅಕ್ಷಿತಾಳ ಒಂದೇ ಡಬ್ಬಿ; ಜೊತೆಗೆ ಲೆಸ್ಟರನೂ ಹೋದ.

"ರೂಪೇಶ್, ನಿಮ್ಮ ಅಪ್‌ಡೇಟ್ ಹಾಕಿ. ನಾನು ನೋಡ್ತೇನೆ," ಎಂದರು ತೆರೆಸಾ.

ಅವನು ಹಾಕಿದ. ಪ್ರಿಂಟರಿನಿಂದ ರಿಪೋರ್ಟುಗಳು ಬರುತ್ತಲೇ ಇದ್ದವು. ನಿಂತದ್ದು ಬಿಲ್ಲಿಂಗ್.

"ಎಂತ ರೂಪೇಶಣ್ಣ, ಈ ಸಲ ನಿಮ್ಮದೇ ಮಲಗಿತಾ?" ಎಂದಳು ಅಕ್ಷಿತಾ.

ತೆರೆಸಾ ನಗಲಿಲ್ಲ. "ನಿಮ್ಮ ಆ ಡಬ್ಬಿಯೇ ಹಾಳಾದರೆ?"

ಅಕ್ಷಿತಾ ಕೀಬೋರ್ಡ್ ಎಳೆದುಕೊಂಡಳು. ಓಡುತ್ತಿದ್ದ ಕಂಟೇನರನ್ನು ಅವರ ಕಣ್ಣೆದುರೇ ಅಳಿಸಿದಳು. ಪ್ರಿಂಟರ್ ಸುಮ್ಮನಾಯಿತು. ಲೆಸ್ಟರ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದ. ತಾನು ಹೇಳಿದಂತೆ ಮಾಡಿದ್ದರೆ ಈಗ ಲ್ಯಾಬಿನ ರೋಗಿಗಳೆಲ್ಲ ಅಳಿಸಿಹೋಗುತ್ತಿದ್ದರು ಎಂಬುದು ಅವನಿಗೆ ಆಗ ಹೊಳೆಯಿತು.

ಅವಳು ಒಂದು ಸಾಲು ಟೈಪ್ ಮಾಡಿದಳು. ಹೊಸ ಕಂಟೇನರ್ ಎದ್ದಿತು. ಪ್ರಿಂಟರ್ ಕೆಮ್ಮಿ ಮತ್ತೆ ಶುರುವಾಯಿತು. ತೆರೆಸಾ ತಮ್ಮ ಹೆಸರನ್ನೇ ಹಾಕಿ ಹುಡುಕಿದರು. ಹೋದ ವರ್ಷದ ಸಕ್ಕರೆಯ ಲೆಕ್ಕ ಹಾಗೆಯೇ ಇತ್ತು.

"ಮುಂದೆಯೂ ನೀವೇ ನೋಡಿಕೊಳ್ಳಿ," ಎಂದು ಒಳಗೆ ಹೋದರು.

ಅಕ್ಷಿತಾ ಖುಷಿಯಲ್ಲಿ ಮೇಜಿಗೆ ಒಂದು ಗುದ್ದು ಗುದ್ದಿದಳು. ಬೆಂಚಿನಲ್ಲಿದ್ದವರು ತಿರುಗಿ ನೋಡಿದರು.

ರೂಪೇಶ್ ಹತ್ತಿರ ಬಂದ. "ನನ್ನದನ್ನೂ ಡಬ್ಬಿಗೆ ಹಾಕಿಕೊಡ್ತೀರಾ? ಎಷ್ಟು ಡಬ್ಬಿ ಬೇಕಾದೀತು?"

"ಒಂದು ಸಾಕು," ಎಂದ ಲೆಸ್ಟರ್.