ಕಾಲನಿ ಸ್ಕೂಲಿನ ಬೆಂಚುಗಳು

“ಇದು ಮೂರನೇ ಕ್ಲಾಸಾ? ಏನ್ರೀ ಮೇಷ್ಟ್ರೇ, ಇದನ್ನ ಮೂರನೇ ಕ್ಲಾಸು ಅಂತ ನಾನು ನಂಬಬೇಕಾ?”

ಶಿಕ್ಷಣ ಇಲಾಖೆಯ ಸಾಹೇಬರು ಪೆನ್ನಿನ ತುದಿಯಿಂದ ಧನಶ್ರೀಯ ಗದ್ದವನ್ನು ಮೇಲಕ್ಕೆತ್ತಿ ಹಿಡಿದಿದ್ದರು. ಸಂತೆಯಲ್ಲಿ ಕರುವಿನ ಹಲ್ಲು ನೋಡುವವರ ಹಾಗೆ. ಬೋರ್ಡಿನ ಮೇಲೆ ಅವರೇ ಬರೆದ ಸಾಲೊಂದಿತ್ತು: ಕೆರೆಯ ದಂಡೆಯ ಮೇಲೆ ಕೊಕ್ಕರೆ ಕುಳಿತಿತ್ತು. ಹುಡುಗಿ ಹೇಗೋ ಕೆರೆಯವರೆಗೆ ಬಂದು ನಿಂತುಬಿಟ್ಟಿದ್ದಳು. ದಂಡೆ ಹತ್ತಲು ಆಗುತ್ತಿರಲಿಲ್ಲ.

“ದ... ದ...”

“ದನ. ದನ ಅಂತಲೇ ಓದು, ಸರಿಯಾಗೇ ಇರತ್ತೆ,” ಎಂದರು ಸಾಹೇಬರು. ಬಾಗಿಲಿಗೆ ಒರಗಿ ನಿಂತಿದ್ದ ಮಾವಿನ ತೋಟದ ಯಜಮಾನ ಗಂಗುಲಪ್ಪ ಹೊಟ್ಟೆ ಕುಲುಕಿಸಿ ನಕ್ಕ.

ಹುಡುಗಿಯ ತಾಯಿ ವೆಂಕಟಲಕ್ಷ್ಮಿ ಗೋಡೆಯ ಪಕ್ಕ ನಿಂತಿದ್ದಳು. ಸಾಹೇಬರು ಪೋಷಕರನ್ನು ಕರೆಸಿದ್ದಾರೆಂದು ಹೇಳಿಕಳಿಸಿದಾಗ ಗಂಗುಲಪ್ಪನ ತೋಟದಲ್ಲಿ ಮಾವು ಕೀಳುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ತೋತಾಪುರಿಯ ಸೊನೆ ಸಿಡಿದು ಮಣಿಕಟ್ಟಿನ ತನಕ ಚರ್ಮ ಕಪ್ಪಾಗಿ ಸುಲಿದಿತ್ತು. ಆ ಉರಿ ಅಷ್ಟು ಹೊತ್ತೂ ಅವಳಿಗೆ ಗೊತ್ತಾಗಿರಲಿಲ್ಲ. ಈಗ ಮೈಯೆಲ್ಲ ಹತ್ತಿಕೊಂಡಂತಾಯಿತು.

“ಓದ್ಸೋಕೆ ಮೇಷ್ಟ್ರು ಎಲ್ಲಿದ್ರು ಸಾ?” ಎಂದಳು.

ಸಾಹೇಬರು ತಿರುಗಿ ನೋಡಿದರು. ನರಸಿಂಹಪ್ಪ ಮೇಷ್ಟ್ರು ತಮ್ಮ ಮೊಬೈಲನ್ನು ನೋಡಿಕೊಂಡರು.

ಚಿಂತಮಾನುಪಲ್ಲಿಯ ಆ ಸರ್ಕಾರಿ ಶಾಲೆಗೆ ನರಸಿಂಹಪ್ಪನವರು ಒಬ್ಬರೇ ಮೇಷ್ಟ್ರು. ಇನ್ನೊಬ್ಬರು ರಜನಿ ಮೇಡಂ ವರ್ಗವಾಗಿ ಹೋದಮೇಲೆ ಆ ಕುರ್ಚಿಗೆ ಯಾರೂ ಬಂದಿರಲಿಲ್ಲ. ಉಳಿದ ಒಬ್ಬರಾದರೂ ಶಾಲೆಯಲ್ಲಿ ಇರುತ್ತಿದ್ದರೇ? ಒಂದು ತಿಂಗಳು ಮನೆ ಮನೆ ಗಣತಿ, ಒಂದು ತಿಂಗಳು ಓಟಿನ ಪಟ್ಟಿ, ನಡುವೆ ತರಬೇತಿ, ಮೊಟ್ಟೆ ತರಲು ಪೇಟೆ, ಮೊಟ್ಟೆ ತಿಂದ ಫೋಟೋ ಮೇಲೆ ಕಳಿಸಲು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ. ಮಕ್ಕಳು ಬೆಳಗ್ಗೆ ಬಂದು, ಬಿಸಿಯೂಟ ಮಾಡುವ ಆವಲಮ್ಮ ಬಾಗಿಲು ತೆಗೆದರೆ ಕೂತು, ಉಂಡು, ಆಡಿ ಮನೆಗೆ ಹೋಗುತ್ತಿದ್ದವು. ಅನ್ನ ಬೇಯಿಸುವ ಆವಲಮ್ಮನೇ ಎಷ್ಟೋ ದಿನ ಆ ಶಾಲೆಯ ಮೇಷ್ಟ್ರು, ಜವಾನ, ಗಂಟೆ ಎಲ್ಲ.

“ನೋಡಮ್ಮ,” ಎಂದರು ಸಾಹೇಬರು, ದನಿ ತಗ್ಗಿಸಿ. “ಇರೋದು ಒಂಬತ್ತು ಮಕ್ಕಳು. ಒಂಬತ್ತಕ್ಕೆ ಎಷ್ಟು ಜನ ಮೇಷ್ಟ್ರು ಬೇಕು ನಿಮಗೆ? ಮಕ್ಕಳು ಇದ್ರೆ ತಾನೇ ಮೇಷ್ಟ್ರು?”

“ಮೇಷ್ಟ್ರು ಇದ್ರೆ ತಾನೇ ಸಾ ಮಕ್ಕಳು?”

“ಬಾಯಿ ಐತೆ ಇವಳಿಗೆ,” ಎಂದ ಗಂಗುಲಪ್ಪ.

“ಸರಿ. ತಿಂಗಳ ಕೊನೆಗೆ ಹದಿನೈದು ತಲೆ ತೋರಿಸಿ. ಇನ್ನೊಬ್ಬರನ್ನ ಕಳಿಸ್ತೀನಿ. ಇಲ್ಲ ಅಂದ್ರೆ ಈ ಶಾಲೆಯನ್ನ ಎರ್ರಗುಡ್ಡೆ ಶಾಲೆಗೆ ಸೇರಿಸಿಬಿಡ್ತೀವಿ. ಸ್ವಲ್ಪ ನಡೆದ್ರೆ ಮಕ್ಕಳೇನು ಸವೆದುಹೋಗಲ್ಲ.”

ಎರ್ರಗುಡ್ಡೆಗೆ ಹೋಗುವ ದಾರಿ ಮಾವಿನ ಲಾರಿಗಳ ದಾರಿ. ಆವಲಮ್ಮನ ಗಂಡ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ಲಾರಿಯೊಂದು ಅವನ ಮೇಲೆ ಹರಿದು ನಿಲ್ಲಿಸದೆ ಹೋದದ್ದು ಅದೇ ದಾರಿಯಲ್ಲಿ. ಸೌದೆ ಒಲೆಯ ಮುಂದೆ ಕೂತಿದ್ದ ಆವಲಮ್ಮ ಎರ್ರಗುಡ್ಡೆ ಎಂಬ ಹೆಸರು ಕೇಳಿ ಸೌಟು ಕೆಳಗಿಟ್ಟಳು.

ಮಾರನೆಯ ದಿನ ಕೆಲಸ ಮುಗಿದ ಮೇಲೆ ವೆಂಕಟಲಕ್ಷ್ಮಿ ಮುಖ ತೊಳೆದು ಊರೊಳಗಿನ ಬೀದಿಗೆ ಹೋದಳು. ಜೊತೆಗೆ ಆವಲಮ್ಮ. ಬೆಳಗ್ಗೆ ಅದೇ ಬೀದಿಗೆ ಹಳದಿ ವ್ಯಾನು ಬಂದು ಮಕ್ಕಳನ್ನು ಗಂಗುಲಪ್ಪನ ಮಗ ಶಿವಕುಮಾರ್ ನಡೆಸುವ ಕಾನ್ವೆಂಟಿಗೆ ಕರೆದೊಯ್ಯುತ್ತಿತ್ತು.

ರಾಮಲಕ್ಷ್ಮಮ್ಮ ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೆಳಗೆ ನಿಂತೇ ವೆಂಕಟಲಕ್ಷ್ಮಿ ವಿಷಯ ಹೇಳಿ, ಮಗುವನ್ನು ಊರ ಶಾಲೆಗೇ ಕಳಿಸಲು ಕೇಳಿದಳು. ರಾಮಲಕ್ಷ್ಮಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ನಾನೂ ಅಲ್ಲೇ ಓದಿದೋಳು ಕಣಮ್ಮ. ಆಗ ನಾಲ್ಕು ಜನ ಮೇಷ್ಟ್ರು. ಈಗ ಅದಕ್ಕೆ ಕಾಲನಿ ಸ್ಕೂಲು ಅಂತ ಹೆಸರು ಬಿದ್ದೋಯ್ತು. ನಮ್ಮತ್ತೆ ಈ ಆವಲಮ್ಮ ಮಾಡಿದ್ದ ಅನ್ನ ತಿನ್ನೋಕೆ ಮಗೂನ ಬಿಡ್ತಾರಾ? ನನ್ನ ಮನೇಲಿ ನಾಳೆ ಒಲೆ ಹತ್ತಬೇಕಲ್ಲ ತಾಯಿ.”

“ಅನ್ನಕ್ಕೆ ಏನಾಗಿರ್ತದಮ್ಮ? ನಿನ್ನ ಗದ್ದೇಲಿ ನಾಟಿ ಹಾಕಿದ ಕೈಯೇ ಇದು. ಆ ಅಕ್ಕಿ ತಿಂತೀರಲ್ಲ?” ಎಂದಳು ಆವಲಮ್ಮ.

ರಾಮಲಕ್ಷ್ಮಮ್ಮ ಹುಣಸೆಬೀಜ ಆರಿಸುತ್ತ ಕೂತಳು. ಮುಂದಿನ ಮನೆಯಲ್ಲಿ ಇವರನ್ನು ನೋಡಿ ಟಿವಿಯ ಸದ್ದು ಜೋರು ಮಾಡಿದರು. ಅದರಾಚೆಯದರಲ್ಲಿ ನಾಯಿ ಬಿಟ್ಟರು.

ವೆಂಕಟಲಕ್ಷ್ಮಿಗೆ ಹೆಚ್ಚು ಸಿಟ್ಟು ಬಂದದ್ದು ಅಲ್ಲಿ ಅಲ್ಲ, ತಮ್ಮ ಕಾಲನಿಯಲ್ಲೇ. ಆ ಹಳದಿ ವ್ಯಾನು ಓಡಿಸುವ ಕದಿರೇಶ ಅವರದೇ ಸಾಲಿನ ಕೊನೆಯ ಮನೆಯವನು. ಅವನ ಎರಡು ಮಕ್ಕಳೂ ವ್ಯಾನಿನಲ್ಲೇ ಹೋಗುತ್ತಿದ್ದವು.

“ನೀನಾದ್ರೂ ಕಳಿಸೋ ಕದಿರೇಶ.”

“ಅಕ್ಕಾ, ಬೈಕೋಬೇಡ. ನನ್ನ ಮಗ ಡಾಗು ಕ್ಯಾಟು ಅಂತ ಬರೀತಾನೆ. ನಿನ್ನ ಮಗಳು ಮೂರನೇ ಕ್ಲಾಸು, ಏನು ಬರೀತಾಳೆ? ಮೇಷ್ಟ್ರಿಲ್ಲದ ಸ್ಕೂಲಿಗೆ ನಾನು ಹೆಂಗಕ್ಕಾ ಕಳಿಸಲಿ? ನೀನೇ ಹೇಳು.”

ಅವನು ಹೇಳಿದ್ದು ನಿಜವೇ ಆಗಿತ್ತು. ಅವಳು ಮನೆಯತ್ತ ಹೊರಟಳು.

ಮನೆಯಲ್ಲಿ ಗಂಡ ಮುನೇಶ್ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಲು ಬೋರಲಾಗಿ ಮಲಗಿದ್ದ. ಗಂಗುಲಪ್ಪನ ಮಂಡಿಯಲ್ಲಿ ಲಾರಿಗೆ ಮಾವಿನ ಕ್ರೇಟು ತುಂಬುವ ಹಮಾಲಿ ಅವನು.

“ಊರೆಲ್ಲ ತಿರುಗಿದ್ಯಂತೆ?”

“ಹೂಂ.”

“ನೀನು ತೋಟದಲ್ಲಿ, ನಾನು ಮಂಡಿಲಿ. ಇಬ್ಬರ ಅನ್ನಾನೂ ಅವನ ಕೈಲಿ ಐತೆ. ಚಾಲ್ಲೇ, ಸಾಕು, ಬಾಯಿ ಮುಚ್ಕೊಂಡಿರು.”

“ಮುಚ್ಕೊಂಡೇ ಇದೀವಲ್ಲ, ಹುಟ್ಟಿದಾಗಿಂದ.”

ಅವಳ ಅಂಗೈ ಬೆನ್ನಿನ ಮೇಲೆ ಬಿರುಸಾಗಿ ಆಡಿತು. ಅವನು ‘ಅಮ್ಮಾ’ ಎಂದು ನರಳಿದ.

ಗಂಗುಲಪ್ಪ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ತೋಟಕ್ಕೆ ಬಂದು, ಎಲ್ಲರೂ ಕೇಳುವ ಹಾಗೆ ಕೂಗಿದ.

“ಏಮಮ್ಮೋ ವೆಂಕಟಲಕ್ಷ್ಮಿ! ಮನೆ ಮನೆಗೂ ಹೋಗಿ ಓಟು ಕೇಳ್ತಿದ್ದೀಯಂತೆ? ಯಾವ ಪಾರ್ಟಿನೇ?”

ಅವಳು ದೋಟಿಯಿಂದ ಕಾಯಿ ಬಿಡಿಸಿ ಇಳಿಸಿದಳು.

“ಆ ಸ್ಕೂಲಿನ ಜಾಗ ನಮ್ಮಪ್ಪ ಕೊಟ್ಟಿದ್ದು. ಓದೋರಿಲ್ಲ ಅಂದಮೇಲೆ ನಮಗೇ ಬರ್ತದೆ. ನಾನು ಅಲ್ಲಿ ಹಣ್ಣಿನ ಗೋಡೌನ್ ಕಟ್ತೀನಿ. ನಿಮ್ಮ ಜನಕ್ಕೇ ಕೆಲಸ ಸಿಗೋದು, ದಡ್ಡ ಮುಂಡೆ. ನಿನ್ನ ಮಗಳು ಓದಿ ಡಿಸಿ ಆಗ್ತಾಳೇನೇ? ಇನ್ನು ನಾಲ್ಕು ವರ್ಷಕ್ಕೆ ಇದೇ ದೋಟಿ ಹಿಡಿಯೋಳು. ಅದಕ್ಯಾಕೆ ಅಕ್ಷರ, ಮರ ಹತ್ತೋಕೆ?”

ಮರದ ನೆರಳಲ್ಲಿದ್ದ ಕೂಲಿ ಹೆಂಗಸರು ದೋಟಿ ಇಳಿಸಿ ಇತ್ತ ತಿರುಗಿದರು.

“ನಿಮ್ಮಪ್ಪ ಜಾಗ ಕೊಟ್ಟಿದ್ದು ಸ್ಕೂಲಿಗೆ ಅಯ್ಯಾ. ಗೋಡೌನಿಗಲ್ಲ.”

ಗಂಗುಲಪ್ಪ ಮುಂದೆ ಬಂದು ಅವಳ ಕೈಯಿಂದ ದೋಟಿ ಕಿತ್ತು ನೆಲಕ್ಕೆ ಬಿಸುಟ. “ನಡಿಯೇ. ನಾಳೆಯಿಂದ ನಿನ್ನ ನೆರಳು ಈ ಬೇಲಿ ದಾಟಿದ್ರೆ ಕಾಲು ಮುರೀತೀನಿ, ಲೌಡಿ.”

ಕೆಲಸ ಹೋದ ಮೇಲೆ ಅವಳಿಗೆ ಹಗಲೆಲ್ಲ ಬಿಡುವಾಯಿತು. ಬೇರೆಯವರ ತೋಟಗಳನ್ನು ಸುತ್ತಿದಳು. ಆಂಧ್ರದ ಕಡೆಯಿಂದ ಕಾವಲಿಗೆ ಬಂದ ಕುಟುಂಬಗಳು ಮರಗಳ ಕೆಳಗೆ ಗುಡಿಸಲು ಹಾಕಿಕೊಂಡಿದ್ದವು. ಅವರ ಮಕ್ಕಳು ಮಂಗ ಓಡಿಸುತ್ತ ಅಲೆಯುತ್ತಿದ್ದವು. ತೆಲುಗಿನಲ್ಲೇ ಮಾತಾಡಿ, ಮಧ್ಯಾಹ್ನ ಅನ್ನ ಮೊಟ್ಟೆ ಸಿಗುತ್ತದೆಂದು ಹೇಳಿ, ಆರು ಮಕ್ಕಳನ್ನು ಕೈ ಹಿಡಿದು ಕರೆತಂದಳು. ತಲೆ ಬಾಚಿದಳು. ಆವಲಮ್ಮ ಮುಖ ತೊಳೆಸಿದಳು. ಶಾಲೆಯಲ್ಲಿ ಹದಿನೈದು ಮಕ್ಕಳು ಸಾಲಾಗಿ ಕೂತಾಗ ವೆಂಕಟಲಕ್ಷ್ಮಿಗೆ ಬಹಳ ದಿನದ ಮೇಲೆ ನಗು ಬಂತು.

ನರಸಿಂಹಪ್ಪನವರು ಮೊಬೈಲು ತೆಗೆದು ಒಂದೊಂದೇ ಮಗುವಿನ ಹೆಸರು ಕೇಳಿದರು. ಆಮೇಲೆ ಆಧಾರ್ ಕೇಳಿದರು. ಆ ಮಕ್ಕಳಲ್ಲಿ ಒಂದಕ್ಕೂ ಇರಲಿಲ್ಲ.

“ತಗೊಳ್ತಾ ಇಲ್ಲಮ್ಮ ಇದು.”

“ಯಾವುದು ತಗೊಳ್ತಾ ಇಲ್ಲ?”

“ಮೊಬೈಲು.”

“ಮಕ್ಕಳು ಕಣ್ಣೆದುರಿಗೇ ಕೂತವಲ್ಲ ಮೇಷ್ಟ್ರೇ!”

“ನನಗೆ ಕಾಣ್ತವೆ ತಾಯಿ. ಅದಕ್ಕೆ ಕಾಣಬೇಕಲ್ಲ.” ಅವರು ಸಾಹೇಬರಿಗೆ ಫೋನು ಹಚ್ಚಿದರು. ಆ ಕಡೆಯ ಮಾತು ಎಲ್ಲರಿಗೂ ಕೇಳಿಸಿತು: ಸೀಸನ್ ಮುಗಿದರೆ ಗುಳೆ ಹೋಗುವ ಹಕ್ಕಿಗಳನ್ನು ಹಿಡಿದು ತಂದು ಲೆಕ್ಕ ತೋರಿಸುತ್ತೀರಾ? ಮರ್ಯಾದೆಯಿಂದ ಎರ್ರಗುಡ್ಡೆಗೆ ಕಳಿಸಿ.

ಆರು ಮಕ್ಕಳೂ ಉಂಡು, ತಟ್ಟೆ ತೊಳೆದಿಟ್ಟು, ಮಂಗ ಓಡಿಸಲು ಹೋದವು.

ತಿಂಗಳು ತಿರುಗಿದ ಕೂಡಲೇ ಶಾಲೆಯ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಟ್ರ್ಯಾಕ್ಟರ್ ಗಂಗುಲಪ್ಪನದು, ಜೀಪು ಇಲಾಖೆಯದು. ಬೆಂಚು, ಬೀರು, ಪಾತ್ರೆಗಳನ್ನೆಲ್ಲ ಎರ್ರಗುಡ್ಡೆಗೆ ಸಾಗಿಸಬೇಕು. ಹೊರಲು ಗಂಗುಲಪ್ಪ ಮಂಡಿಯಿಂದ ಇಬ್ಬರು ಹಮಾಲಿಗಳನ್ನು ಕಳಿಸಿದ್ದ: ಒಬ್ಬ ನರೇಶ್, ಇನ್ನೊಬ್ಬ ಮುನೇಶ್.

ಮುನೇಶ್ ಹೆಂಡತಿಯ ಮುಖ ನೋಡಲಿಲ್ಲ. ಮೊದಲ ಬೆಂಚು ಟ್ರ್ಯಾಕ್ಟರಿಗೆ ಹೋಯಿತು. ಎರಡನೆಯದಕ್ಕೆ ಅವರು ಒಳಗೆ ಬರುವಷ್ಟರಲ್ಲಿ ವೆಂಕಟಲಕ್ಷ್ಮಿ ಅದರ ಮೇಲೆ ಕೂತಿದ್ದಳು. ಪಕ್ಕದಲ್ಲಿ ಧನಶ್ರೀ.

“ಏಳೇ ಲಕ್ಷ್ಮಿ,” ಎಂದ ಮುನೇಶ್, ಹಲ್ಲು ಕಚ್ಚಿ.

“ಎತ್ತು. ನನ್ನನ್ನೂ ಸೇರಿಸಿ ಎತ್ತು. ದಿನಾ ಎತ್ತೋ ಮೂಟೆಗಿಂತ ಹಗುರ ಇದೀನಿ.”

ಆವಲಮ್ಮ ಒಲೆ ಆರಿಸಿ ಬಂದು ಹಿಂದಿನ ಬೆಂಚಿನಲ್ಲಿ ಕುಕ್ಕರಿಸಿದಳು. ಸದ್ದು ಕೇಳಿ ಶಾಲೆಯ ಪಕ್ಕದ ಗಂಗುಲಪ್ಪನ ತೋಟದ ಬೇಲಿಯ ಹತ್ತಿರ ಕೂಲಿಯವಳೊಬ್ಬಳು ಬಂದಳು, ನೋಡಿದಳು, ದೋಟಿಯನ್ನು ಬೇಲಿಗೆ ಒರಗಿಸಿ ಒಳಗೆ ಬಂದು ಕೂತಳು. ಅವಳ ಹಿಂದೆ ಇನ್ನಿಬ್ಬರು. ಆಮೇಲೆ ಬಂದವರಿಗೆ ಬೆಂಚು ಸಾಲಲಿಲ್ಲ. ನೆಲದ ಮೇಲೆ ಕೂತರು. ಕೊಯ್ದ ಕಾಯಿ ತೋಟದಲ್ಲಿ ರಾಶಿ ರಾಶಿ ಬಿಸಿಲಿಗೆ ಬಿದ್ದಿತ್ತು.

“ಏನಮ್ಮ ಇದು ನಾಟಕ?” ಎಂದರು ಸಾಹೇಬರು.

“ತಲೆ ಬೇಕು ಅಂದ್ರಲ್ಲ ಸಾ. ಎಣಿಸ್ಕೊಳ್ಳಿ. ನಮಗೂ ಓದೋಕೆ ಬರಲ್ಲ. ನಮಗೆಲ್ಲ ಆಧಾರ್ ಐತೆ.”

ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು.

ಗಂಗುಲಪ್ಪ ಒಳನುಗ್ಗಿದ. “ಮುಂಡೇರಾ, ಎರಡು ಲಾರಿ ಕಾಯಿ ಬಿಸಿಲಿಗೆ ಬೇಯ್ತಾ ಐತೆ! ಏಳ್ರೇ! ಲೇ ಮುನೇಶ, ನಿನ್ನ ಹೆಂಡ್ತೀನ ಜುಟ್ಟು ಹಿಡಿದು ಎಳೆದು ಹಾಕ್ತೀಯೋ, ಇಲ್ಲ ನಾಳೆಯಿಂದ ನೀನೂ ಭಿಕ್ಷೆ ಎತ್ತುತ್ತೀಯೋ?”

“ನೀ ನೋಟ್ಲೋ, ನಿನ್ನ ಬಾಯಿಗೆ ಮಣ್ಣು ಬೀಳ!” ಆವಲಮ್ಮ ಕೂತಲ್ಲಿಂದಲೇ ಕಿರುಚಿದಳು. “ಮುಟ್ಟಿ ನೋಡೋ. ನನ್ನ ಗಂಡನ ಮೇಲೆ ಹರಿದ ಲಾರೀಲಿ ಇದ್ದಿದ್ದು ನಿನ್ನ ಕಾಯಿ. ಅವತ್ತು ಬಾಯಿ ಬಿಡಲಿಲ್ಲ ನಾನು. ಇವತ್ತು ಬಿಡ್ತೀನಿ.”

ಗಂಗುಲಪ್ಪ ಬಾಗಿಲಿನತ್ತ ಸರಿದ. ನರಸಿಂಹಪ್ಪನವರು ಮೆಲ್ಲಗೆ ಅಂದರು: “ಹಠ ಬೇಡ ತಾಯಿ. ನಾನೇನು ಮಾಡ್ಲಿ? ನನಗೆ ಇನ್ನು ಎರಡು ವರ್ಷ ಸರ್ವಿಸು.”

“ನಿಮಗೆ ಎರಡು ವರ್ಷ ಮೇಷ್ಟ್ರೇ. ಇವಕ್ಕೆ ಪೂರಾ ಜಲ್ಮ,” ಎಂದಳು ವೆಂಕಟಲಕ್ಷ್ಮಿ. “ಒಂದು ಪಾಠ ಹೇಳಿ ಹೋಗಿ. ಆ ದಂಡೆ ಅನ್ನೋದನ್ನ ಹೆಂಗೆ ಓದಬೇಕು, ಅದನ್ನಾದರೂ ಹೇಳಿ ಹೋಗಿ.”

ಮೇಷ್ಟ್ರು ಸೀಮೆಸುಣ್ಣಕ್ಕಾಗಿ ಕಿಟಕಿಯತ್ತ ಕೈ ಚಾಚಿದರು. ನಿಜವಾಗಿ ಚಾಚಿದರು, ಎಲ್ಲರೂ ನೋಡಿದರು. ಅಷ್ಟರಲ್ಲಿ ಸಾಹೇಬರು, “ನರಸಿಂಹಪ್ಪ, ಜೀಪು ಹತ್ತಿ,” ಎಂದರು. ಕೈ ಹಿಂದಕ್ಕೆ ಬಂತು. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಪೊಲೀಸರನ್ನು ಕರೆತರುತ್ತೇವೆಂದು ಹೇಳಿ ಜೀಪು ಎರ್ರಗುಡ್ಡೆಯ ಕಡೆಗೆ ಧೂಳೆಬ್ಬಿಸಿ ಹೋಯಿತು. ಗಂಗುಲಪ್ಪ ಅಂಗಳದಲ್ಲಿ ನಿಂತು ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ನರೇಶ್ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ಬೀಡಿ ಹಚ್ಚಿದ. ಮುನೇಶ್ ಬೆಂಚಿನ ತುದಿ ಹಿಡಿದವನು ಹಾಗೇ ಬಗ್ಗಿ ನಿಂತಿದ್ದ. ವೆಂಕಟಲಕ್ಷ್ಮಿ ಅವನನ್ನು ನೋಡಿದಳು. ಅವನ ಕತ್ತಿನ ನರ ಉಬ್ಬಿತ್ತು. ಎತ್ತುತ್ತಾನೇನೋ ಎಂದು ಮಗಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ಬಿಟ್ಟ. ಹೊರಗೆ ಹೋಗಿ, ಟ್ರ್ಯಾಕ್ಟರಿಗೆ ಹಾಕಿದ್ದ ಬೆಂಚನ್ನು ಒಬ್ಬನೇ ಹೆಗಲಿಗೇರಿಸಿಕೊಂಡು ಬಂದು, ಇದ್ದ ಜಾಗದಲ್ಲಿ ಇಳಿಸಿ, ಅದರ ಮೇಲೆ ಕೂತ. ಮಕ್ಕಳ ಬೆಂಚು, ಅವನ ಮೊಣಕಾಲು ಎದೆಗೆ ತಾಕುತ್ತಿತ್ತು.

ದೂರದ ರಸ್ತೆಯಲ್ಲಿ ಲಾರಿಗಳು ಹೋಗುವ ಸದ್ದು ಬರುತ್ತಿತ್ತು. ಧನಶ್ರೀ ತಾಯಿಯ ಸೆರಗು ಜಗ್ಗಿದಳು.

“ಅಮ್ಮಾ, ಎಲ್ಲಾರೂ ಬಂದವರೆ. ಪಾಠ ಯಾರು ಹೇಳ್ತಾರೆ?”

ಸೊನೆಗೆ ಸುಲಿದ ಇಷ್ಟೊಂದು ಕೈಗಳು ಬೆಂಚುಗಳ ಅಂಚನ್ನು ಬಿಗಿಹಿಡಿದಿದ್ದವು. ಎದುರಿಗೆ ಮೇಷ್ಟ್ರ ಕುರ್ಚಿ. ಅದರಾಚೆ ಕಿಟಕಿಯಲ್ಲಿ, ಎರ್ರಗುಡ್ಡೆಯ ಕಡೆಯಿಂದ, ಕೆಂಪು ಧೂಳು ಮೇಲೇಳತೊಡಗಿತ್ತು.