ಏರಿಗೆ ಮೂರನೇ ಗೇರು

ದೊಡ್ಡವಳಿಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಏನೂ ಪ್ರಯೋಜನವಿಲ್ಲ. ತಂಗಿಯ ಗಂಡನನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಪುಣ್ಯಾತ್ಮನೋ, ಅವಳಿಗೆ ಸಾಸಿವೆಯಷ್ಟೂ ಕೆಡುಕು ಮಾಡಿದವನಲ್ಲ. ಬಾಯಿ ತುಂಬ "ಅಕ್ಕಾ" ಅನ್ನುತ್ತಿದ್ದ. ಅದನ್ನು ಕೇಳಿದರೆ ಅವಳಿಗೆ ಇನ್ನಷ್ಟು ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು ಹೇಳಿ. ಜಡೆ ಹೆಣೆದುಕೊಳ್ಳಲು ಬಾರದ ವಯಸ್ಸಿನಲ್ಲೇ ಅಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವಳು ಅವಳು. ಎಂಜಿನ್ ಇಳಿಸುವುದು, ಬಿಚ್ಚುವುದು, ಕೂಡಿಸುವುದು, ತಕರಾರು ತೆಗೆಯುವ ಗಿರಾಕಿಗಳ ಜೊತೆ ಗುದ್ದಾಡುವುದು, ಎಲ್ಲ ಅವಳ ತಲೆಯ ಮೇಲೆ. ಅಳಿಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಮೊದಲು ಕಾರಿನ ಅಲಂಕಾರದ ಸಾಮಾನು ಮಾರುತ್ತಿದ್ದ, ಸೀಟಿನ ಕವರು, ಸ್ಟಿಕ್ಕರು, ಮಿಣಮಿಣ ದೀಪ. ಅಂಗಡಿ ಮುಚ್ಚಿತು, ಮಾವನ ಗ್ಯಾರೇಜಿಗೆ ಬಂದ. ಇವನು ಒಂದು ನಟ್ಟು ಬಿಗಿದರೂ ಸಾಕು, ಅಪ್ಪ ಕುರ್ಚಿಯಿಂದೆದ್ದು, ನೋಯುವ ಮಂಡಿ ಹಿಡಿದುಕೊಂಡು ಬಗ್ಗಿ, ಕೈಯಿಂದ ಅಲ್ಲಾಡಿಸಿ ನೋಡಿ, "ಭೇಷ್ ಅಳಿಯಂದ್ರೇ" ಅನ್ನುತ್ತಿದ್ದ. ಮೇಲಿಂದ ಬೆನ್ನು ತಟ್ಟುವುದು ಬೇರೆ. ದೊಡ್ಡವಳು ಇಡೀ ಎಂಜಿನ್ನಿಗೆ ಮರುಜನ್ಮ ಕೊಟ್ಟರೂ ಅಪ್ಪ ಕೂತಲ್ಲಿಂದ ಅಲುಗುತ್ತಿರಲಿಲ್ಲ. ಆಯ್ತಾ, ಆಯ್ತು ಅಂದ್ರೆ ಗಾಡಿ ಕಳಿಸು, ಅಷ್ಟೇ ಅವನ ಮಾತು. ಒಂದು ಸಲ ಎದ್ದು ಬಂದು ನನ್ನ ಕೆಲಸವನ್ನೂ ನೋಡಬಾರದಾ ಅಂತ ಅವಳು ಎಷ್ಟು ಸಲ ಹಲ್ಲು ಕಡಿದಿದ್ದಳೋ.

ಅಪ್ಪನಿಗೊಂದು ಹಳೇ ಕಾರಿತ್ತು. ಅದರ ಬಾನೆಟ್ಟನ್ನು ಅಪ್ಪನ ಹೊರತು ನರಪಿಳ್ಳೆಯೂ ಎತ್ತುವಂತಿರಲಿಲ್ಲ. ಈಗ ಅಪ್ಪನಿಗೆ ಕಿವಿ ಮಂದ, ಮಂಡಿ ನೋವು. ಕಾರು ಓಡಿಸುವುದನ್ನು ನಿಲ್ಲಿಸು ಅಂತ ಚಿಕ್ಕವಳು ದಿನಾ ಪ್ರಾಣ ತಿನ್ನುತ್ತಿದ್ದಳು. ಅಪ್ಪನ ಉತ್ತರ ಒಂದೇ. ಗುಡ್ಡದ ಮೇಲಿನ ಸೋದರತ್ತೆಯ ಮನೆಗೆ ಹೋಗುವ ಏರನ್ನು ಅವನು ಯೌವನದಿಂದಲೂ ಮೂರನೇ ಗೇರಿನಲ್ಲೇ ಹತ್ತಿಸಿದವನು. ಎಂದು ಎರಡನೇ ಗೇರಿಗೆ ಇಳಿಸಬೇಕಾಗುತ್ತದೋ ಅಂದು ತನ್ನ ಕಾಲಿನ ಕತೆ ಮುಗಿಯಿತು ಅಂತ ತಿಳಿದು ಕೀಲಿ ಕೆಳಗಿಡುತ್ತೇನೆ, ಅಲ್ಲಿಯವರೆಗೆ ಯಾರೂ ತುಟಿ ಪಿಟಕ್ಕೆನ್ನಬೇಡಿ ಅನ್ನುತ್ತಿದ್ದ.

ಆ ಕಾರಿನ ಸರ್ವಿಸ್ ಮಾಡುವ ದಿನ ಬಂತು. ಬಗ್ಗಿ ಕೆಲಸ ಮಾಡಲು ಅಪ್ಪನಿಗೆ ಆಗುತ್ತಿರಲಿಲ್ಲ. ಈ ಸಲ ನನಗೇ ಅಂತ ದೊಡ್ಡವಳು ಕೈ ಒರೆಸಿಕೊಂಡು ನಿಂತಳು. ಅಪ್ಪ ಅಳಿಯನ ಕಡೆ ತಿರುಗಿ, ನೀವೇ ನೋಡಿಬಿಡಿ ಅಂದುಬಿಟ್ಟ. ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಅಳಿಯ ಏನು ಮಾಡಿದ ಗೊತ್ತೇ? ಎಂಜಿನ್ನಿಗೆ ಪೆಟ್ರೋಲು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಆ ಕಾರಿನಲ್ಲಿ ಗಾಳಿ ಎಳೆದುಕೊಳ್ಳಲು ಒಂದು ಕಪ್ಪು ಡಬ್ಬಿ ಇತ್ತು, ನೋಡಲು ಲಕ್ಷಣವಿಲ್ಲ. ಆದರೆ ಅದರ ಮೂತಿ ಹೆಡ್‌ಲೈಟಿನ ಹಿಂದಕ್ಕೆ ಚಾಚಿಕೊಂಡು ಹೊರಗಿನ ತಣ್ಣನೆ ಗಾಳಿಯನ್ನೇ ಹೀರುತ್ತಿತ್ತು, ಸದ್ದನ್ನೂ ನುಂಗುತ್ತಿತ್ತು. ಅಳಿಯ ಅದನ್ನು ಕಿತ್ತು ಮೂಲೆಗೆ ಹಾಕಿದ. ಅದರ ಜಾಗದಲ್ಲಿ, ಹೊಗೆ ಕೊಳವೆಯ ಪಕ್ಕದಲ್ಲೇ, ಡಬ್ಬಿಯ ಮರೆಯಿಲ್ಲದ, ಅಣಬೆಯಂಥ ಥಳಥಳಿಸುವ ಗಾಳಿ ಫಿಲ್ಟರೊಂದನ್ನು ಕೂರಿಸಿದ. ಅಂಗಡಿಯಲ್ಲಿದ್ದಾಗ ಅವನೇ ಎಷ್ಟೋ ಮಾರಿದ್ದನಂತೆ. ಸ್ಟಾರ್ಟ್ ಮಾಡಿದರೆ ಕಾರು ಗರ್ಜಿಸಿತು. ಕಿವಿ ಮಂದವಾದ ಅಪ್ಪನ ಮುಖ ಹಬ್ಬವಾಯಿತು. ತನ್ನ ಎಂಜಿನ್ ತನಗೆ ಕೇಳಿಸದೆ ಎಷ್ಟು ವರ್ಷವಾಗಿತ್ತು ಅಂತ ಅಳಿಯನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು ಬೇರೆ. ದೊಡ್ಡವಳು ಅದನ್ನು ನೋಡಲಾರದೆ ಟೈರುಗಳ ಹಿಂದೆ ಹೋಗಿ ನಿಂತಳು.

ಅಂದೇ ಸಂಜೆ ಅಪ್ಪ ಒಂದು ಸುತ್ತು ಹೋಗಿ ಬಂದ ಮೇಲೆ ಅವಳು ಬಾನೆಟ್ ಎತ್ತಿ ಆ ಹೊಸ ಫಿಲ್ಟರಿನ ಕೊಳವೆ ಮುಟ್ಟಿದಳು. ಕೈ ಚುರ್ ಅಂದಿತು. ಅವಳಿಗೆ ಅಷ್ಟು ಸಾಕಿತ್ತು. ಬಿಸಿ ಗಾಳಿ ತೆಳು, ಎಷ್ಟು ಎಳೆದರೂ ಪೆಟ್ರೋಲು ಸರಿಯಾಗಿ ಉರಿಯಲು ಬೇಕಾದಷ್ಟು ಸಿಕ್ಕುವುದಿಲ್ಲ. ಸಪಾಟು ರಸ್ತೆಯಲ್ಲಿ ಓಡುವಾಗ ಹೊರಗಿನ ಗಾಳಿ ನುಗ್ಗಿ ಹೇಗೋ ನಡೆದುಹೋಗುತ್ತದೆ. ನಿಂತು ನಿಂತು ಹೋಗಿ ಏರು ಹತ್ತುವಾಗ ಎಂಜಿನ್ ತನ್ನದೇ ಸೆಕೆಯನ್ನು ತಾನೇ ಕುಡಿಯುತ್ತದೆ. ಆಮೇಲೆ ಸದ್ದು ಹುಲಿಯದು, ಬಲ ಬೆಕ್ಕಿನದು.

ಅಷ್ಟರಲ್ಲಿ ಅಳಿಯ ಬಂದ. ಕೈ ಕಟ್ಟಿಕೊಂಡು ಸಂಕೋಚದಿಂದಲೇ ಕೇಳಿದ.

"ಅಕ್ಕಾ, ನೀವೊಂದ್ಸಲ ನೋಡ್ಬಿಡಿ. ಸರಿಯಾಗಿದ್ಯಾ?"

ಅವಳು ಬಾನೆಟ್ ಇಳಿಸಿದಳು.

"ಚೆನ್ನಾಗಿದೆ," ಅಂದಳು.

ಏರಿನಲ್ಲಿ ಎಲ್ಲರ ಎದುರಿಗೆ ಇವನ ಬಣ್ಣ ಬಯಲಾಗಲಿ, ಆಗ ಅಪ್ಪ ಯಾರ ಬೆನ್ನು ತಟ್ಟುತ್ತಾನೋ ನೋಡೋಣ ಅಂತ ಒಳಗೊಳಗೇ ಕುಣಿದಳು. ಅಳಿಯ ಓಡಿಹೋಗಿ ಅಕ್ಕ ಒಪ್ಪಿದರು ಅಂತ ಮಾವನಿಗೆ ಸಾರಿದ.

ಸೋದರತ್ತೆಯನ್ನು ನೋಡಲು ಹೊರಟ ದಿನ ಸುಡುಬಿಸಿಲು. ಅಪ್ಪ ಸ್ಟೀರಿಂಗ್ ಹಿಡಿದ, ಪಕ್ಕದಲ್ಲಿ ಅಳಿಯ, ಹಿಂದೆ ಅಕ್ಕ ತಂಗಿ. ಗುಡ್ಡದ ಬುಡದ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ನಿಂತಲ್ಲೇ ಗುರುಗುಟ್ಟುತ್ತಾ ಕಾಯುತ್ತಿತ್ತು. ಬಾನೆಟ್ಟಿನ ಕೆಳಗೆ ಈಗ ಒಲೆ ಹೊತ್ತಿದಂತಿರುತ್ತದೆ ಅಂತ ದೊಡ್ಡವಳಿಗೆ ಗೊತ್ತಿತ್ತು. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಗೇಟು ತೆಗೆಯಿತು, ಏರು ಶುರುವಾಯಿತು. ಮೂರನೇ ಗೇರು. ಗರ್ಜನೆಯೇನೋ ಗುಡ್ಡ ನಡುಗಿಸುವಂತಿತ್ತು, ಕಾರು ಮಾತ್ರ ಕುಂಟುತ್ತಿತ್ತು. ಅಪ್ಪ ಪೆಡಲನ್ನು ತಳ ಮುಟ್ಟಿಸಿದ. ಮುಂದಕ್ಕೆ ಬಾಗಿದ, ಹಾಗೆ ಬಾಗಿದರೆ ಕಾರು ಹತ್ತುತ್ತದೇನೋ ಅನ್ನುವ ಹಾಗೆ. ಅರ್ಧ ದಾರಿಯಲ್ಲಿ ಕಾರು ಜರ್ಕು ಹೊಡೆಯತೊಡಗಿತು. ಅಪ್ಪನ ಕೈ ಗೇರಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಇತ್ತು, ಆಮೇಲೆ ಎರಡಕ್ಕೆ ಇಳಿಸಿತು.

ಮೇಲೆ ಹೋಗಿ ಅಪ್ಪ ಕಾರು ನಿಲ್ಲಿಸಿದ. ಈಗ ಬಾನೆಟ್ ಎತ್ತುತ್ತಾನೆ, ಈಗ ಅಳಿಯನಿಗೆ ಬೀಳುತ್ತದೆ ಅಂತ ದೊಡ್ಡವಳು ಕಾದಳು. ಅಪ್ಪ ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ ತನ್ನ ಬಲ ಮಂಡಿಯನ್ನು ನೋಡಿದ, ಅಂಗೈಯಿಂದ ಒಮ್ಮೆ ಸವರಿದ. ಕಾಲು ಮುಗೀತು ಅಂತ ತನ್ನಷ್ಟಕ್ಕೆ ಅಂದುಕೊಂಡ. ಕೀಲಿ ತೆಗೆದು ಅಳಿಯನ ಕೈಯಲ್ಲಿಟ್ಟು, ಇನ್ನು ಮೇಲೆ ಈ ಕಾರು ನಿಮ್ಮದು ಅಂದ.

ಕಾರನ್ನು ಕೆಡಿಸಿದವನ ಕೈಗೇ ಕೀಲಿ! ಅಪ್ಪನ ಮೇಲಿನ ಕನಿಕರಕ್ಕೆ ದೊಡ್ಡವಳು ಬಾಯಿ ತೆರೆದಳು ಅಂತ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳು. ಆ ಕೀಲಿ ಅವನ ಅಂಗೈಯಲ್ಲಿರುವುದನ್ನು ಅವಳಿಂದ ನೋಡಲಾಗಲಿಲ್ಲ.

"ನಿನ್ನ ಕಾಲಿಗೆ ಏನೂ ಆಗಿಲ್ಲ ಅಪ್ಪಾ. ಆ ಫಿಲ್ಟರ್ ಬಿಸಿ ಗಾಳಿ ಕುಡೀತಿದೆ."

ಇಳಿದು ಬಾನೆಟ್ ಎತ್ತಿ ತೋರಿಸಿದಳು. ಅಪ್ಪ ಫಿಲ್ಟರಿನ ಕೊಳವೆಯ ಮೇಲೆ ಕೈಯಿಟ್ಟು ತಕ್ಷಣ ಹಿಂದಕ್ಕೆಳೆದುಕೊಂಡ. ವಿಷಯ ತಿಳಿಯಲು ಅವನಿಗೆ ಅಷ್ಟು ಸಾಕಿತ್ತು. ಅಳಿಯನ ಮುಖ ಬಿಳುಚಿಕೊಂಡಿತು. ಅವನು ಬೈಯಲಿಲ್ಲ, ಜಗಳಕ್ಕೂ ಬರಲಿಲ್ಲ. ಅರ್ಥವಾಗದವನಂತೆ ಅವಳನ್ನೇ ನೋಡಿ, ನಾನು ನಿಮ್ಮನ್ನು ಕೇಳಿದ್ದೆನಲ್ಲ ಅಕ್ಕಾ ಅಂದ.

ಅಪ್ಪ ನಿಧಾನವಾಗಿ ತಿರುಗಿದ.

"ನಿಂಗೆ ಯಾವಾಗ ಗೊತ್ತಾಯ್ತು?"

"ಹಾಕಿದ ದಿನವೇ."

ಗುಡ್ಡದ ಮೇಲೆ ಗಾಳಿ ತಣ್ಣಗೆ ಬೀಸುತ್ತಿತ್ತು. ಚಿಕ್ಕವಳು ಗಂಡನ ತೋಳು ಹಿಡಿದುಕೊಂಡು ನಿಂತಿದ್ದಳು. ಅಪ್ಪ ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

"ಇವರು ಇನ್ನೂ ಕಲೀತಾ ಇರೋರು, ಅದಕ್ಕೇ ಇವರು ಮುಟ್ಟಿದ್ದನ್ನೆಲ್ಲ ಎದ್ದು ಬಂದು ನೋಡ್ತಿದ್ದೆ," ಅಂದ ಅಪ್ಪ. "ಇದೊಂದನ್ನ ಮಾತ್ರ ನೋಡ್ಲಿಲ್ಲ. ನೀನು ಚೆನ್ನಾಗಿದೆ ಅಂದೆ ಅಂತ ಹೇಳಿದ್ರು. ನೀನು ಅಂದ್ಮೇಲೆ ನಾನು ನೋಡೋದೇನಿದೆ ಅಂದ್ಕೊಂಡೆ."

ಸೋದರತ್ತೆಯನ್ನು ಮಾತಾಡಿಸಿ ಹೊರಟಾಗ, ಅಳಿಯನಿಂದ ಕೀಲಿ ಇಸಿದುಕೊಂಡು ಅಪ್ಪನೇ ಕಾರನ್ನು ಗುಡ್ಡ ಇಳಿಸಿದ.

ಮರುದಿನ ದೊಡ್ಡವಳು ಮೂಲೆಯಲ್ಲಿದ್ದ ಹಳೇ ಡಬ್ಬಿಯನ್ನು ಒರೆಸಿ ಅಪ್ಪನ ಕಾರಿಗೆ ಕೂರಿಸಿದಳು. ಮೂತಿಯನ್ನು ಹೆಡ್‌ಲೈಟಿನ ಹಿಂದೆ ಸೇರಿಸಿ ಕ್ಲಿಪ್ಪು ಹಾಕಿದಳು. ಹಿಂದೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಅಪ್ಪ ಮಂಡಿ ಹಿಡಿದುಕೊಂಡು ಬಂದ, ಬಗ್ಗಿದ. ಅವಳು ಹಾಕಿದ ಕ್ಲಿಪ್ಪುಗಳನ್ನು ಒಂದೊಂದಾಗಿ ಎಳೆದು, ಡಬ್ಬಿಯನ್ನು ಅಲ್ಲಾಡಿಸಿ, ಮೂತಿಯೊಳಗೆ ಬೆರಳು ಹಾಕಿ ನೋಡಿದ.

"ಭೇಷ್," ಅಂದ.

ಅವಳು ಸ್ಪ್ಯಾನರ್ ಕೆಳಗಿಟ್ಟು, ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದಳು.