ಫೋಟೋದ ಮುಂದಿನ ಲಕೋಟೆ

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಸರಕಾರದ್ದಾಗಲಿ ಶಾಲೆಯದ್ದಾಗಲಿ, ದೊಡ್ಡ ಕಾಗದ ಬಂದರೆ ಮೊದಲು ಬಾಬಾಸಾಹೇಬರ ಫೋಟೋದ ಮುಂದೆ ಇಡಬೇಕು, ಮನೆಮಂದಿಯೆಲ್ಲ ನಿಲ್ಲಬೇಕು, ಆಮೇಲೆ ನಾನೇ ಲಕೋಟೆ ಹರಿಯಬೇಕು. ಪದ್ಧತಿ ಮಾಡಿದವನೂ ನಾನೇ, ಹುಲಗೂರಿನ ಲಾರಿ ಡ್ರೈವರ್ ಚೌಡಪ್ಪ. ಅದಕ್ಕಿಷ್ಟು ಬೆಂಕಿ ಬೀಳಲಿ. ಸಹಿ ಬಿಟ್ಟರೆ ನನಗೆ ಓದುಬರಹ ಅಷ್ಟಕ್ಕಷ್ಟೆ, ಬುದ್ಧಿಯೂ ಅಷ್ಟೆ ಅನ್ನಿ.

ಮಗಳು ಸಮತಾ ಪೊಲೀಸ್ ಭರ್ತಿಗೆಂದು ದಿನಾ ಬೆಳಗ್ಗೆ ಓಡುತ್ತಿದ್ದಳು. ಒಮ್ಮೆ ಓಡುತ್ತಲೇ ಎಚ್ಚರ ತಪ್ಪಿ ಬಿದ್ದಳು. ಶಿಗ್ಗಾಂವದಲ್ಲಿ ಇಸಿಜಿ ತೆಗೆದರು, ಎಕೋ ಮಾಡಿದರು, ಎಲ್ಲ ಸರಿ ಇದೆ ಎಂದರು. ಒಬ್ಬ ಡಾಕ್ಟರಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಹೃದಯಕ್ಕ ರಕ್ತ ಕೊಡೋ ನರ ಹುಟ್ಟಿನಿಂದನ ತಪ್ಪು ಜಾಗಾದಾಗ ಇರಬಹುದು. ಅದು ಎಕೋದಾಗ ಸರಿ ಕಾಣಂಗಿಲ್ಲ. ಹುಬ್ಬಳ್ಳ್ಯಾಗ ಸಿಟಿ ಸ್ಕ್ಯಾನ್ ಮಾಡಸ್ರಿ. ರಿಪೋರ್ಟ್ ನೋಡೂತನಕ ಓಡಿಸಬ್ಯಾಡ್ರಿ," ಎಂದರು.

ಇಪ್ಪತ್ತೊಂದು ವರ್ಷದ ಹುಡುಗಿಗೆ ಎಂಥ ಹೃದಯದ ಬ್ಯಾನಿ ಎಂದು ನಾನು ಒಳಗೊಳಗೇ ಸಿಡಿಮಿಡಿಗೊಂಡೆ. ಆದರೂ ಸ್ಕ್ಯಾನ್ ಮಾಡಿಸಿದೆ.

ಎರಡು ದಿನ ಬಿಟ್ಟು ಹುಬ್ಬಳ್ಳಿಗೆ ಹೋಗಿ ರಿಪೋರ್ಟ್ ಇಸಿದುಕೊಂಡೆ. ಶಿಗ್ಗಾಂವ ಮುಟ್ಟುವಷ್ಟರಲ್ಲಿ ರಟ್ಟೀಹಳ್ಳಿಗೆ ಗೋವಿನಜೋಳದ ಲೋಡು ಬಂತು. ಲಕೋಟೆಯನ್ನು ನಮ್ಮೂರ ಖಾದರಸಾಬನ ಕೈಯಲ್ಲಿ ಮನೆಗೆ ಕಳಿಸಿದೆ. ಸಂಜೆ ಸಮತಾ ಫೋನ್ ಮಾಡಿದಳು.

"ಅಪ್ಪಾ, ಫೋಟೋದ ಮುಂದ ಇಟ್ಟೇವಿ. ತಗದು ನೋಡ್ಲೇನು?"

"ನಾ ಬರೂತನಕ ಮುಟ್ಟಬ್ಯಾಡ. ಪದ್ಧತಿ ಅಂದ್ರ ಪದ್ಧತಿ."

"ಹಂಗಾರ ನಾಳೆ ಓಡ್ಲೋ ಬ್ಯಾಡೋ? ಟೆಸ್ಟಿಗೆ ಹನ್ನೆರಡ ದಿನ ಉಳದಾವ."

"ಏನೂ ಇರಂಗಿಲ್ಲ ಬಿಡವಾ. ಓಡು."

ಹಾಗಂದವನು ನಾನು. ಇನ್ಯಾರೂ ಅಲ್ಲ.

ಮರುದಿನ ಶಾಲೆಯ ಮೈದಾನದಲ್ಲಿ ಎರಡನೇ ಸುತ್ತಿಗೆ ಬಿದ್ದವಳು ಮತ್ತೆ ಏಳಲಿಲ್ಲ.

ಮಣ್ಣು ಮಾಡಿದ ಮೂರನೇ ದಿನ ಲಕೋಟೆ ಹರಿದೆ. ಪದ್ಧತಿಯಂತೆ ಎಲ್ಲರೂ ಫೋಟೋದ ಮುಂದೆ ನಿಂತಿದ್ದರು. ನರ್ಸಿಂಗ್ ಕಲಿಯುತ್ತಿರುವ ಖಾದರಸಾಬನ ಮಗಳು ಆಸೀಮ ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದಳು. ಎಡಗಡೆ ಹುಟ್ಟಬೇಕಾದ ನರ ಬಲಗಡೆ ಹುಟ್ಟಿ, ಎರಡು ದೊಡ್ಡ ರಕ್ತನಾಳಗಳ ನಡುವೆ ಹಾದುಹೋಗಿದೆಯಂತೆ. ಓಡಿದಾಗ ಅವೆರಡರ ನಡುವೆ ಸಿಕ್ಕು ಅದರಲ್ಲಿ ರಕ್ತ ನಿಲ್ಲಬಹುದಂತೆ. ಕೊನೆಗೆ ದಪ್ಪ ಅಕ್ಷರದಲ್ಲಿ, ಓಟ ಬೇಡ, ಕೂಡಲೇ ಹೃದಯದ ಡಾಕ್ಟರಿಗೆ ತೋರಿಸಿ ಎಂದು ಬರೆದಿತ್ತು.

"ಆಪರೇಶನ್ ಮಾಡಿಸಿದ್ರ ಉಳೀತಿದ್ಲೇನವಾ?" ಎಂದು ಕೇಳಿದೆ.

"ಭಾಳ ಮಂದಿ ಉಳದಾರ್ರಿ ಕಾಕಾ," ಎಂದು ಆಸೀಮ ತಲೆ ತಗ್ಗಿಸಿದಳು.

ನನ್ನ ಹೆಂಡತಿ ಯಂಕವ್ವ ಹರಿದ ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಆಕಿಗೆ ಇಂಗ್ಲಿಷ್ ಓದಾಕ ಬರ್ತಿತ್ತು," ಎಂದಳು. "ನಿಮಗ ಬರ್ತಿದ್ದಿಲ್ಲ."